ಡಿಗ್ರಿ ಮುಗಿದು ನಾಲ್ಕು ತಿಂಗಳಾಯ್ತು, ಮುಂದೇನು ಅಂತ ಕೇಳಿದವರಿಗೆಲ್ಲ ಸುಳ್ಳು ಹೇಳ್ತಾ ಇದ್ದೀನಿ

ಮೂಲೆ_ಬೆಂಚು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೊನೇ ಪರೀಕ್ಷೆ ಬರೆದು ಹೊರಗೆ ಬಂದ ದಿನ ಎಲ್ಲರೂ ಕೂಗಾಡಿದೆವು, ಫೋಟೋ ತೆಗೆದೆವು. ಮೊದಲ ತಿಂಗಳು ರಜೆ ಥರಾನೇ ಇತ್ತು. ಎರಡನೇ ತಿಂಗಳು ರೆಸ್ಯೂಮ್ ಮಾಡಿದೆ. ಮೂರನೇ ತಿಂಗಳಿಂದ ಸೋಮವಾರ ಯಾವುದು ಭಾನುವಾರ ಯಾವುದು ಅಂತಾನೇ ಗೊತ್ತಾಗುತ್ತಿಲ್ಲ. ರಾತ್ರಿ ಮೂರಕ್ಕೆ ಮಲಗುತ್ತೇನೆ, ಹನ್ನೊಂದಕ್ಕೆ ಏಳುತ್ತೇನೆ.

ಒಂದು ಎಕ್ಸೆಲ್ ಶೀಟ್ ಇಟ್ಟಿದ್ದೇನೆ. 63 ಸಾಲು. ತಾರೀಖು, ಕಂಪನಿ, ಹುದ್ದೆ, ಉತ್ತರ. ಕೊನೇ ಕಾಲಮ್ಮಿನಲ್ಲಿ ಎರಡೇ ಎರಡು ಕಡೆ ಅಕ್ಷರ ಇದೆ, ಎರಡೂ 'ವಿಷಾದಿಸುತ್ತೇವೆ'. ಮಿಕ್ಕ 61 ಖಾಲಿ. ಅವರು ಬೇಡ ಅಂದಿದ್ದರೂ ಪರವಾಗಿರಲಿಲ್ಲ, ಓದಿದರೋ ಇಲ್ಲವೋ ಅನ್ನೋದೂ ಗೊತ್ತಾಗಲ್ಲವಲ್ಲ, ಅದು ಜಾಸ್ತಿ ಹಿಂಸೆ.

ಈ ನಡುವೆ ಕ್ಲಾಸ್‌ಮೇಟ್‌ಗಳು ಒಬ್ಬೊಬ್ಬರಾಗಿ ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡು ಫೋಟೋ ಹಾಕುತ್ತಿದ್ದಾರೆ. ಅವರು ಫೋನ್ ಮಾಡಿದರೆ ಕಟ್ ಆಗುವವರೆಗೂ ಸ್ಕ್ರೀನ್ ನೋಡುತ್ತಾ ಕೂರುತ್ತೇನೆ. ಆಮೇಲೆ 'ಸ್ನಾನಕ್ಕೆ ಹೋಗಿದ್ದೆ' ಅಂತ ಮೆಸೇಜ್. ಆ ಲೆಕ್ಕದಲ್ಲಿ ಹೋದ ವಾರ ಒಂದೇ ದಿನ ಮೂರು ಸಲ ಸ್ನಾನ ಮಾಡಿದ್ದೇನೆ. ಬೇರೆಯವರು ಕೇಳಿದರೆ 'ಮುಂದಕ್ಕೆ ಓದ್ತಾ ಇದ್ದೀನಿ' ಅನ್ನುತ್ತೇನೆ. ಏನು ಓದು ಅಂತ ಕೇಳಿದರೆ ಮಾತು ಬದಲಾಯಿಸುತ್ತೇನೆ.

ಮಾಸ್ಟರ್ಸ್ ಸೇರಬೇಕಾ, ಸಿಕ್ಕಿದ ಕೆಲಸ ಹಿಡೀಬೇಕಾ, ಇನ್ನೂ ಕಾಯಬೇಕಾ? ಈ ಹಂತ ದಾಟಿದವರು ಹೇಳಿ. ಉಪದೇಶ ಆದರೂ ಪರವಾಗಿಲ್ಲ.

ಹಳೇ_ಬ್ಯಾಚ್:

ತಮ್ಮಾ, ನಾನು ಕೆಲಸಕ್ಕೆ ಸೇರಿ ಹದಿನೇಳು ವರ್ಷ ಆಯಿತು. ನಿನ್ನ ಪೋಸ್ಟ್ ಓದಿ ನಗುವೂ ಬಂತು, ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗೂ ಆಯಿತು. ನಾನು ನಿನಗಿಂತ ದೊಡ್ಡ ಸುಳ್ಳುಗಾರ.

ಡಿಗ್ರಿ ಮುಗಿಸಿ ಐದು ತಿಂಗಳು ಏನೂ ಸಿಗಲಿಲ್ಲ. ಆಗ ಮನೆಯಲ್ಲಿ ಒಂದು ಕಡೆ ಸೇರಿದ್ದೇನೆ, ಟ್ರೇನಿಂಗ್ ನಡೀತಾ ಇದೆ, ಸಂಬಳ ಆಮೇಲೆ ಬರುತ್ತೆ ಅಂತ ಹೇಳಿಬಿಟ್ಟೆ. ದಿನಾ ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡಿಕೊಂಡು, ಬ್ಯಾಗ್ ಹಾಕಿಕೊಂಡು ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಸಂಜೆ ಐದೂವರೆಗೆ ಸುಸ್ತಾದವನ ಥರ ಮುಖ ಮಾಡಿಕೊಂಡು ವಾಪಸ್. ಎರಡು ತಿಂಗಳು ಹೀಗೇ ನಡೆಯಿತು. ಅಮ್ಮನಿಗೆ ಎರಡನೇ ವಾರಕ್ಕೇ ಗೊತ್ತಾಗಿತ್ತಂತೆ, ಬಹಳ ವರ್ಷ ಆದಮೇಲೆ ಹೇಳಿದರು. ನನ್ನ ಚಪ್ಪಲಿ ಸವೆದೇ ಇರಲಿಲ್ಲ ಅಂತ.

ಆದರೆ ಆ ನಾಟಕದಿಂದ ಒಂದು ಉಪಕಾರ ಆಯಿತು. ದಿನಾ ಒಂದೇ ಹೊತ್ತಿಗೆ ಏಳುತ್ತಿದ್ದೆ. ಒಂದೇ ಮೇಜಿನ ಹತ್ತಿರ ಕೂರುತ್ತಿದ್ದೆ. ಆರು ವರ್ಷದ ಮಗು ಆದಾಗಿಂದ ನಮಗೆ ಬೇರೆ ಯಾರೋ ಗಂಟೆ ಬಾರಿಸುತ್ತಾ ಇದ್ದರು ಅಲ್ವಾ? ಯಾವ ಹೊತ್ತಿಗೆ ಏನು, ಯಾವ ತಾರೀಖಿಗೆ ಪರೀಕ್ಷೆ, ಪಾಸಾದರೆ ಮುಂದೆ ಯಾವ ಕ್ಲಾಸು, ಎಲ್ಲ ಅವರೇ ಹೇಳುತ್ತಿದ್ದರು. ಅದು ಒಂದು ದಿನ ಸಡನ್ನಾಗಿ ನಿಂತುಹೋಗುತ್ತೆ. ನಿನಗೆ ದಿನಗಳ ಗುರುತು ಸಿಗದೇ ಇರೋದಕ್ಕೆ ಕಾರಣ ಅದು, ಸೋಮಾರಿತನ ಅಲ್ಲ. ಮೊದಲು ಏಳುವ ಹೊತ್ತು ಸರಿ ಮಾಡಿಕೋ. ಮಿಕ್ಕಿದ್ದು ಆಮೇಲೆ ನೋಡೋಣ.

ಕೆಲಸ ಹೇಗೆ ಸಿಕ್ಕಿತು ಅಂದರೆ, ಅದೇ ಲೈಬ್ರರಿಯಲ್ಲಿ ಒಬ್ಬ ಸಿಕ್ಕಿದ. ಸ್ನೇಹಿತ ಅಲ್ಲ, ಕಾಲೇಜಿನಲ್ಲಿ ಎರಡು ವರ್ಷ ಸೀನಿಯರ್, ಮುಖಪರಿಚಯ ಅಷ್ಟೇ. ಏನ್ ಮಾಡ್ತಾ ಇದ್ದೀಯ ಅಂದ. ಯಾಕೋ ಅವನಿಗೆ ಸುಳ್ಳು ಹೇಳಕ್ಕೆ ಬಾಯಿ ಬರಲಿಲ್ಲ. ನಮ್ಮಲ್ಲಿ ಒಬ್ಬ ಬಿಟ್ಟು ಹೋಗ್ತಾ ಇದ್ದಾನೆ, ಇನ್ನೂ ಜಾಹೀರಾತು ಹಾಕಿಲ್ಲ, ನಾಳೆ ಬಾ ಅಂದ. ಹತ್ತು ದಿನಕ್ಕೆ ಸೇರಿದೆ.

ಇದು ಬರೀ ನನ್ನ ಅದೃಷ್ಟ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನು ಬರೆದಿದ್ದಾರೆ. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕಿದವರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ ಅಂತ ಕೇಳಿದರು. ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಅಂದವರು ಶೇ. 17ರಷ್ಟು ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆಗಾಗ ಸಿಗುವವರಿಂದ, ಶೇ. 28ರಷ್ಟು ಜನಕ್ಕೆ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಅನ್ನೋ ಥರದವರಿಂದ ಕೆಲಸ ಸಿಕ್ಕಿತ್ತು. ಅವರು ಸಣ್ಣ ಗುಂಪನ್ನೇ ಕೇಳಿದ್ದು, ಆದರೂ ಕಾರಣ ಸರಳವಾಗಿದೆ. ನಿನ್ನ ಆಪ್ತ ಗೆಳೆಯರಿಗೆ ಗೊತ್ತಿರೋ ಸುದ್ದಿ ನಿನಗೂ ಗೊತ್ತಿರುತ್ತೆ. ದೂರದವನ ಹತ್ತಿರ ಬೇರೆ ಸುದ್ದಿ ಇರುತ್ತೆ.

ಈಗ ನೀನೇ ಯೋಚನೆ ಮಾಡು. ಆ ಥರದವರು ಫೋನ್ ಮಾಡಿದಾಗ ನೀನು ಸ್ನಾನಕ್ಕೆ ಹೋಗಿರುತ್ತೀಯ.

ನೇರ_ಮಾತು:

ಏನಾದರೂ ಕೆಲಸ ಹಿಡಿ ಗುರು. ಡಿಗ್ರಿಗೆ ತಕ್ಕ ಕೆಲಸ ಅಂತ ಕಾಯ್ತಾ ಕೂತರೆ ವಯಸ್ಸು ಕಾಯಲ್ಲ. ದಡದಲ್ಲಿ ಕೂತು ಈಜು ಕಲಿತವನು ಯಾರಿದ್ದಾನೆ?

ಕಾದು_ನೋಡು:

ಇದನ್ನು ಒಪ್ಪಲ್ಲ. ನಾನು ಹಾಗೇ ಮಾಡಿದೆ. ಸಿಕ್ಕಿದ್ದು ಹಿಡಿದೆ, ಓದಿಗೂ ಅದಕ್ಕೂ ಸಂಬಂಧ ಇರಲಿಲ್ಲ. ದಿನಕ್ಕೆ ಹನ್ನೊಂದು ಗಂಟೆ ದುಡಿತ. ಬೇರೆ ಕಡೆ ಅರ್ಜಿ ಹಾಕಕ್ಕೆ ತಲೆಯೂ ಓಡುತ್ತಿರಲಿಲ್ಲ, ಇಂಟರ್‌ವ್ಯೂಗೆ ಹೋಗಕ್ಕೆ ರಜೆಯೂ ಕೊಡುತ್ತಿರಲಿಲ್ಲ. ಮೂರು ವರ್ಷ ಆದಮೇಲೆ ಹೊರಗೆ ಬಂದೆ. ಅಷ್ಟೊತ್ತಿಗೆ ಓದಿದ್ದು ಅರ್ಧ ಮರೆತು ಹೋಗಿತ್ತು.

ನೇರ_ಮಾತು:

ನಿಮಗೆ ಮೂರು ವರ್ಷ ಹಿಡಿಯಿತು ಅಂದರೆ ತಪ್ಪು ಕೆಲಸದ್ದಲ್ಲ, ಅಲ್ಲೇ ಉಳಿದದ್ದು.

ಕಾದು_ನೋಡು:

ಹೇಳೋದು ಸುಲಭ ಸ್ವಾಮಿ. ತಿಂಗಳ ಕೊನೆಗೆ ಸಂಬಳ ಬೀಳುತ್ತಿರುವಾಗ ಬಿಡೋದು ಎಷ್ಟು ಕಷ್ಟ ಅಂತ ಬಿಟ್ಟವರಿಗೆ ಗೊತ್ತು.

ಹಳೇ_ಬ್ಯಾಚ್:

ಜಗಳ ಬೇಡ, ಇಬ್ಬರ ಮಾತಲ್ಲೂ ಅರ್ಧರ್ಧ ಸತ್ಯ ಇದೆ. ಕೆನಡಾದಲ್ಲಿ ಆರ್ಥಿಕ ಹಿಂಜರಿತದ ಕಾಲದಲ್ಲಿ ಡಿಗ್ರಿ ಮುಗಿಸಿದವರನ್ನು ಬಹಳ ವರ್ಷ ಹಿಂಬಾಲಿಸಿ ಮಾಡಿದ ಒಂದು ಅಧ್ಯಯನ 2012ರಲ್ಲಿ ಬಂತು. ಕೆಟ್ಟ ಕಾಲದಲ್ಲಿ ಹೊರಗೆ ಬಂದವರು ಶುರುವಿನಲ್ಲಿ ಸುಮಾರು ಶೇ. 9ರಷ್ಟು ಕಡಿಮೆ ದುಡಿಯುತ್ತಾರೆ, ಆ ಅಂತರ ಮುಚ್ಚುವುದಕ್ಕೆ ಹತ್ತು ವರ್ಷದ ತನಕ ಹಿಡಿಯುತ್ತೆ ಅಂತ ಅದರಲ್ಲಿದೆ. ಚೇತರಿಸಿಕೊಂಡವರಲ್ಲಿ ಹೆಚ್ಚಿನವರು ಅದೇ ಕುರ್ಚಿಯಲ್ಲಿ ಕೂತು ಚೇತರಿಸಿಕೊಂಡಿಲ್ಲ, ಮೊದಮೊದಲ ವರ್ಷಗಳಲ್ಲೇ ಒಳ್ಳೇ ಕಂಪನಿಗೆ ಜಿಗಿದಿದ್ದಾರೆ. ಮೊದಲ ಕೆಲಸ ಚಿಕ್ಕದಾದರೂ ಹಿಡೀಬಹುದು, ಆದರೆ ಸೇರಿದ ದಿನಾನೇ ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಗುರುತು ಹಾಕಿ ಇಡು, ಆ ದಿನ ಇರಬೇಕೋ ಬಿಡಬೇಕೋ ಅಂತ ಕೂತು ಯೋಚಿಸು. ನಾನು ಹಾಕಿರಲಿಲ್ಲ, ಹಾಗಾಗಿ ನಾಲ್ಕು ವರ್ಷ ಜಾರಿ ಹೋಯಿತು.

ಅರ್ಜಿ_ಓದುವವಳು:

ನಾನು ನೇಮಕಾತಿ ವಿಭಾಗದಲ್ಲಿ ಇದ್ದೇನೆ, ಅಂದರೆ ಆ ಖಾಲಿ ಕಾಲಮ್ಮಿನ ಇನ್ನೊಂದು ತುದಿ. ಕ್ಷಮೆ ಕೇಳಬೇಕೋ ಏನೋ ಗೊತ್ತಿಲ್ಲ.

ಒಂದು ಹುದ್ದೆಗೆ ಅರ್ಜಿಗಳ ರಾಶಿ ಬಂದು ಬೀಳುತ್ತೆ. ಮೊದಲ ಸುತ್ತಿನಲ್ಲಿ ಒಂದೊಂದರ ಮೇಲೆ ಕಣ್ಣಾಡಿಸುತ್ತೇವೆ, ಓದಲ್ಲ. ನಿಜ ಹೇಳಬೇಕು ಅಂದರೆ ಸುಮಾರು ಅರ್ಜಿಗಳಲ್ಲಿ ಅಭ್ಯರ್ಥಿಯ ಹೆಸರು ಬಿಟ್ಟರೆ ಬೇರೆಲ್ಲ ಒಂದೇ. 'ಕಷ್ಟಪಟ್ಟು ದುಡಿಯುವವನು, ತಂಡದಲ್ಲಿ ಕೆಲಸ ಮಾಡಬಲ್ಲೆ, ಬೇಗ ಕಲಿಯುತ್ತೇನೆ.' ಇದನ್ನು ಎಲ್ಲರೂ ಬರೆಯುತ್ತಾರೆ. ನಾನೂ ಬರೆದಿದ್ದೆ.

ಮೂಲೆ_ಬೆಂಚು, ನೀವು 63 ಕಡೆಗೂ ಒಂದೇ ರೆಸ್ಯೂಮ್ ಕಳಿಸಿದ್ದೀರಿ, ಸರೀನಾ? ಹೆಚ್ಚಿನವರು ಹಾಗೇ ಮಾಡೋದು. ಅದರ ಬದಲು ವಾರಕ್ಕೆ ಐದೇ ಕಡೆ ಹಾಕಿ. ಹಾಕುವ ಮೊದಲು ಆ ಜಾಹೀರಾತನ್ನು ಎರಡು ಸಲ ಓದಿ. ಅವರು ಏನು ಕೇಳಿದ್ದಾರೋ ಅದಕ್ಕೆ ಸಂಬಂಧಪಟ್ಟ ನಿಮ್ಮ ಕೆಲಸ ಮೊದಲ ಅರ್ಧ ಪುಟದಲ್ಲೇ ಕಾಣಬೇಕು. 'ಪ್ರಾಜೆಕ್ಟ್ ಮಾಡಿದೆವು' ಅಂತ ಬರೀಬೇಡಿ. ನಾಲ್ಕು ಜನರ ಪ್ರಾಜೆಕ್ಟಿನಲ್ಲಿ ನೀವು ಮಾಡಿದ್ದು ಯಾವುದು? ಹೋದ ತಿಂಗಳು ಒಬ್ಬ ಹುಡುಗಿಯ ಅರ್ಜಿ ಬಂತು. 'ನಮ್ಮ ತಂಡದಲ್ಲಿ ಸಮೀಕ್ಷೆಯ ಉತ್ತರಗಳನ್ನು ಕಂಪ್ಯೂಟರಿಗೆ ಹಾಕಿದ್ದು ನಾನು, 400 ಫಾರ್ಮುಗಳಲ್ಲಿ 31 ತಪ್ಪು ತುಂಬಿದ್ದು ಗೊತ್ತಾಗಿ ಅವರಿಗೆ ಮತ್ತೆ ಫೋನ್ ಮಾಡಿ ಸರಿಪಡಿಸಿದೆ' ಅಂತ ಬರೆದಿದ್ದಳು. ಅಷ್ಟೇ ಸಾಲು. ತಕ್ಷಣ ಕರೆದೆವು. ತಪ್ಪು ಹುಡುಕಿ ಫೋನ್ ಮಾಡುವ ತಾಳ್ಮೆ ಇದೆ ಅಂತ ಆ ಸಾಲಿನಲ್ಲೇ ಗೊತ್ತಾಯಿತಲ್ಲ.

ಇನ್ನು ಸಣ್ಣಪುಟ್ಟದ್ದು. ಫೈಲಿಗೆ 'ರೆಸ್ಯೂಮ್ ಫೈನಲ್ ಫೈನಲ್ 2' ಅಂತ ಹೆಸರಿಡಬೇಡಿ, ನಿಮ್ಮ ಹೆಸರಿಡಿ. ಎಂಟನೇ ಕ್ಲಾಸಿನಲ್ಲಿ ಮಾಡಿಕೊಂಡ ಇಮೇಲ್ ಐಡಿ ಬದಲಾಯಿಸಿ, ನನಗೆ ಯಾವುದೋ 'ಕಿಂಗ್ ಆಫ್ ಹಾರ್ಟ್ಸ್'ಗೆ ಇಂಟರ್‌ವ್ಯೂ ಪತ್ರ ಕಳಿಸಕ್ಕೆ ಮುಜುಗರ ಆಗುತ್ತೆ. ಒಂದು ವಾರ ಉತ್ತರ ಬರದಿದ್ದರೆ ಎರಡು ಸಾಲಿನ ಮೇಲ್ ಹಾಕಿ ವಿಚಾರಿಸಿ. ಯಾರೂ ಬೈಯಲ್ಲ. ಇಂಟರ್‌ವ್ಯೂನಲ್ಲಿ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಜೊತೆಗೆ ಹೇಗೆ ಹುಡುಕುತ್ತೀರಿ ಅಂತ ಹೇಳಿ. ಮೂರು ನಿಮಿಷ ಸುತ್ತಿ ಬಳಸಿ ಮಾತಾಡಿದರೆ ಎದುರು ಕೂತವರಿಗೆ ಗೊತ್ತಾಗೇ ಆಗುತ್ತೆ.

ಕೊನೇದು, ಇದು ಮುಖ್ಯ. ಕೆಲಸ ಕೊಡುತ್ತೇವೆ, ನೋಂದಣಿಗೆ ಇಷ್ಟು, ಟ್ರೇನಿಂಗ್ ಕಿಟ್ಟಿಗೆ ಇಷ್ಟು ಕಟ್ಟಿ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಡಿ. ನಾಲ್ಕೈದು ತಿಂಗಳು ಖಾಲಿ ಕೂತವರೇ ಅವರಿಗೆ ಬೇಕಾಗಿರೋದು. ಹತಾಶೆಯಲ್ಲಿ ಇರುವವನು ಪ್ರಶ್ನೆ ಕೇಳಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಮೂಲೆ_ಬೆಂಚು:

ಮೇಡಂ, ಹೌದು, 63ಕ್ಕೂ ಒಂದೇ. ಮತ್ತೆ ನನ್ನ ಇಮೇಲ್ ಐಡಿ ಬಗ್ಗೆ ಇಲ್ಲಿ ಮಾತಾಡೋದು ಬೇಡ.

ಲೆಕ್ಕದ_ಮೇಷ್ಟ್ರು:

ಕೆಲಸ ಹುಡುಕೋದರ ಬಗ್ಗೆ ಬೇರೆಯವರು ಹೇಳಿದ್ದಾರೆ, ನಾನು ಸಿಕ್ಕಿದ ಮೇಲಿನ ಕಥೆ ಹೇಳುತ್ತೇನೆ. ಹೊಸಬರು ಎಡವುವುದು ಜಾಸ್ತಿ ಅಲ್ಲೇ.

ಮೊದಲ ಸಂಬಳದ ಎರಡನೇ ವಾರಕ್ಕೆ ಯಾರೋ ಒಬ್ಬರು ಫೋನ್ ಮಾಡಿ ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಅನ್ನುತ್ತಾರೆ. ತೊಗೊಳ್ಳಿ, ತಪ್ಪಿಲ್ಲ. ಆದರೆ ಬಿಲ್ಲಿನಲ್ಲಿ 'ಕನಿಷ್ಠ ಕಟ್ಟಬೇಕಾದ ಮೊತ್ತ' ಅಂತ ಒಂದು ಸಾಲು ಇರುತ್ತಲ್ಲ, ಅದನ್ನು ನಂಬಬೇಡಿ. ತಿಂಗಳಿಗೆ ಶೇ. 3 ಬಡ್ಡಿ ಅಂತ ಇಟ್ಟುಕೊಳ್ಳಿ. ನಿಮ್ಮ ಸಾಲ 100 ಭಾಗ. ನೀವು ಕನಿಷ್ಠ ಅಂತ 5 ಭಾಗ ಕಟ್ಟುತ್ತೀರಿ. ಅದರಲ್ಲಿ 3 ಬಡ್ಡಿಗೇ ಹೋಯಿತು, ಸಾಲದಲ್ಲಿ ಇಳಿದದ್ದು 2. ಕಟ್ಟದೇ ಬಿಟ್ಟರೆ ವರ್ಷಕ್ಕೆ ಶೇ. 36 ಅಂದುಕೊಳ್ಳುತ್ತಾರೆ ಜನ. ಅಲ್ಲ, ಬಡ್ಡಿಗೆ ಬಡ್ಡಿ ಸೇರಿ ಶೇ. 42 ದಾಟುತ್ತೆ. ದಂಡ ಗಿಂಡ ಎಲ್ಲ ಬೇರೆ.

ನನ್ನ ಹತ್ತಿರದ ಒಬ್ಬ ಹುಡುಗ ಕೆಲಸಕ್ಕೆ ಸೇರಿದ ಮೂರೇ ತಿಂಗಳಿಗೆ ಲ್ಯಾಪ್‌ಟಾಪು, ಫೋನು, ಗಾಡಿ ಮೂರನ್ನೂ ಕಂತಿನಲ್ಲಿ ತೊಗೊಂಡ. ಪ್ರತಿ ಕಂತೂ ಚಿಕ್ಕದೇ. ಆರನೇ ತಿಂಗಳು ಕಂಪನಿ ಅವನ ವಿಭಾಗವನ್ನೇ ಮುಚ್ಚಿತು. ಕಂತು ಮುಚ್ಚಲಿಲ್ಲ. ಮನೆಯಲ್ಲಿ ಹೇಳಕ್ಕೆ ನಾಚಿಕೆ. ಒಂದು ಕಾರ್ಡಿನ ಸಾಲ ತೀರಿಸಕ್ಕೆ ಇನ್ನೊಂದು ಆ್ಯಪಿನಲ್ಲಿ ಸಾಲ ಮಾಡಿದ, ಅದನ್ನು ತೀರಿಸಕ್ಕೆ ಮತ್ತೊಂದು. ನನ್ನ ಹತ್ತಿರ ಬಂದಾಗ ಮೂಲ ಸಾಲ ಎರಡರಷ್ಟಾಗಿತ್ತು. ಎಂಟು ತಿಂಗಳ ಹಿಂದೆ ಬಾಯಿ ಬಿಟ್ಟಿದ್ದರೆ ಗಾಡಿ ಮಾರಿ ಮುಗಿಸಿಬಿಡಬಹುದಿತ್ತು.

ಹಾಗಾಗಿ ನಾನು ಹೇಳೋದು ಇಷ್ಟೇ. ಮೂರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಕೂರುವ ತನಕ ಯಾವ ಕಂತೂ ಬೇಡ. ಶಿಕ್ಷಣ ಸಾಲ ಇದ್ದವರು ಒಂದು ಸಲ ಪತ್ರ ತೆಗೆದು ಓದಿ. ಕಟ್ಟುವುದು ಇನ್ನೂ ಶುರುವಾಗಿಲ್ಲ ಅಂದರೆ ಬಡ್ಡಿಯೂ ಶುರುವಾಗಿಲ್ಲ ಅಂತ ಅರ್ಥ ಅಲ್ಲ. ಎಷ್ಟೋ ಸಾಲಗಳಲ್ಲಿ ನೀವು ಕ್ಲಾಸಿನಲ್ಲಿ ಕೂತಿದ್ದಾಗಲೇ ಬಡ್ಡಿ ಓಡಲು ಶುರು ಮಾಡಿರುತ್ತೆ.

ಈಗ ಒಂದು ಖುಷಿ ಲೆಕ್ಕ. ವರ್ಷಕ್ಕೆ ಶೇ. 8 ಬೆಳೆಯುತ್ತೆ ಅಂತ ಇಟ್ಟುಕೊಳ್ಳಿ. ಒಬ್ಬಳು 22ನೇ ವಯಸ್ಸಿನಿಂದ ಹತ್ತು ವರ್ಷ, ವರ್ಷಕ್ಕೆ 100ರಂತೆ ಹಾಕಿ ನಿಲ್ಲಿಸಿದಳು. ಆಮೇಲೆ ಒಂದು ಕಾಸೂ ಹಾಕಲಿಲ್ಲ. ಇನ್ನೊಬ್ಬ 32ಕ್ಕೆ ಶುರು ಮಾಡಿ 60ರ ತನಕ, 28 ವರ್ಷ ಬಿಡದೇ ಅಷ್ಟೇ ಹಾಕಿದ. 60ಕ್ಕೆ ಯಾರ ಹತ್ತಿರ ಜಾಸ್ತಿ? ಅವಳ ಹತ್ತಿರ ಸುಮಾರು 12,500, ಅವನ ಹತ್ತಿರ 9,500. ಅವಳು ಹಾಕಿದ್ದು 1,000, ಅವನು ಹಾಕಿದ್ದು 2,800. ನಂಬಿಕೆ ಬರದಿದ್ದರೆ ಕ್ಯಾಲ್ಕುಲೇಟರ್ ಹಿಡಿದು ಕೂತುಕೊಳ್ಳಿ. ದುಡ್ಡು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತೆ ಅಂತ ತಿಳಿಯಕ್ಕೆ 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಸಾಕು, ಶೇ. 8ಕ್ಕೆ 9 ವರ್ಷ. ಈ ಉಪಾಯ ಇಟಲಿಯ ಲೂಕಾ ಪಚಿಯೋಲಿ 1494ರಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲೇ ಇದೆ. ಸಾಲಕ್ಕೂ ಇದೇ ಲೆಕ್ಕ ಅನ್ವಯ ಆಗುತ್ತೆ, ಶೇ. 36ರ ಸಾಲ ಎರಡು ವರ್ಷಕ್ಕೆ ಎರಡರಷ್ಟು.

ಬಾಡಿಗೆ_ರೂಮು:

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ಆದರೆ ಬಾಡಿಗೆ ಕಟ್ಟಿ, ಮನೆಗೆ ಕಳಿಸಿ, ಬಸ್ಸಿಗೆ ಕೊಟ್ಟ ಮೇಲೆ 22ನೇ ವಯಸ್ಸಿನವಳ ಹತ್ತಿರ ಆ 100 ಎಲ್ಲಿರುತ್ತೆ?

ಲೆಕ್ಕದ_ಮೇಷ್ಟ್ರು:

ನ್ಯಾಯವಾದ ಪ್ರಶ್ನೆ. ಇಲ್ಲದವರಿಗೆ ಉಳಿಸು ಅನ್ನೋದು ಅವಮಾನ ಮಾಡಿದ ಹಾಗೆ. 100 ಇಲ್ಲದಿದ್ದರೆ 5 ಹಾಕಿ, ಅದೂ ಇಲ್ಲದಿದ್ದರೆ ಸಾಲ ಮಾಡದೇ ತಿಂಗಳು ಮುಗಿಸಿದರೂ ದೊಡ್ಡದೇ. ಸಂಬಳ ಏರಿದಾಗ ಏರಿದ್ದರಲ್ಲಿ ಅರ್ಧ ಬೇರೆ ಕಡೆ ಹೋಗಲಿ, ಅಷ್ಟೊತ್ತಿಗೆ ಅದಿಲ್ಲದೇ ಬದುಕೋದು ಅಭ್ಯಾಸ ಆಗಿರುತ್ತಲ್ಲ.

ಹೊಸ_ಐಡಿಕಾರ್ಡ್:

ಐಡಿ ಕಾರ್ಡ್ ಹಾಕಿಕೊಂಡು ಫೋಟೋ ಹಾಕಿದವರಲ್ಲಿ ನಾನೂ ಒಬ್ಬ (ನಿನ್ನ ಕ್ಲಾಸ್‌ಮೇಟ್ ಅಲ್ಲ ಬಿಡು). ಸೇರಿ ಎಂಟು ತಿಂಗಳಾಯಿತು. ಆ ಫೋಟೋ ತೆಗೆದ ದಿನ ಸಂಜೆ ನಾನು ಆಫೀಸಿನ ಬಾತ್‌ರೂಮಿನಲ್ಲಿ ನಿಂತು ಅತ್ತಿದ್ದೆ. ಅದರ ಫೋಟೋ ಹಾಕಲಿಲ್ಲ ಅಷ್ಟೇ.

ಏನೂ ಅರ್ಥ ಆಗುತ್ತಿರಲಿಲ್ಲ. ಮೀಟಿಂಗ್‌ನಲ್ಲಿ ಎಲ್ಲರೂ ಮೂರಕ್ಷರದ ಯಾವ್ಯಾವುದೋ ಪದ ಹೇಳುತ್ತಾರೆ, ನಾನು ತಲೆ ಆಡಿಸುತ್ತೇನೆ. ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆ ಅಂತ ಭಯ. ಎರಡನೇ ತಿಂಗಳು ಒಂದು ದಿನ ಹಳೇ ದರದ ಪಟ್ಟಿಯನ್ನು ಗ್ರಾಹಕರಿಗೆ ಕಳಿಸಿಬಿಟ್ಟೆ. ಮೇಲ್ ಹೋದ ಹತ್ತು ನಿಮಿಷಕ್ಕೆ ನನಗೇ ಗೊತ್ತಾಯಿತು. ಕೈ ತಣ್ಣಗಾಯಿತು. ಮೂರು ಗಂಟೆ ಹೊತ್ತು ಯಾರಿಗೂ ಹೇಳದೇ ಕೂತೆ, ಆ ಗ್ರಾಹಕ ಮೇಲ್ ನೋಡದೇ ಇರಲಿ ಅಂತ ಪ್ರಾರ್ಥನೆ ಮಾಡುತ್ತಾ. ಅವರು ನೋಡಿದರು, ಅದೇ ದರಕ್ಕೆ ಆರ್ಡರ್ ಕೂಡ ಹಾಕಿದರು.

ನಮ್ಮ ಮ್ಯಾನೇಜರ್ ಕಿರುಚುತ್ತಾರೆ ಅಂದುಕೊಂಡಿದ್ದೆ. 'ಮೊದಲ ಹತ್ತು ನಿಮಿಷದಲ್ಲಿ ಹೇಳಿದ್ದರೆ ಒಂದು ಫೋನಿನಲ್ಲಿ ಮುಗೀತಿತ್ತು, ಈಗ ನಾನು ಅವರ ಹತ್ರ ಕ್ಷಮೆ ಕೇಳಬೇಕು' ಅಂದರು. ಅಷ್ಟೇ. ಅವತ್ತಿಂದ ನನಗೊಂದು ನಿಯಮ. ತಪ್ಪಾಯಿತು ಅಂತ ಗೊತ್ತಾದ ತಕ್ಷಣ ಎದ್ದು ಹೋಗಿ ಹೇಳೋದು, ಕೂತು ಯೋಚನೆ ಮಾಡಿದರೆ ಕಾಲು ಏಳಲ್ಲ. ಮತ್ತೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ. ಅರ್ಥ ಆಗದ ಪದ ಎಲ್ಲ ಅದರಲ್ಲಿ ಬರೆದುಕೊಂಡು ಮಧ್ಯಾಹ್ನ ಪಕ್ಕದ ಸೀಟಿನ ಅಕ್ಕನ ಹತ್ತಿರ ಕೇಳುತ್ತೇನೆ. ಅವರಿಗೂ ಎರಡು ಪದ ಗೊತ್ತಿರಲಿಲ್ಲ ಅನ್ನೋದು ಬೇರೆ ವಿಷಯ. ಮೊದಲ ಆರು ತಿಂಗಳು ಏನು ಕೇಳಿದರೂ ಹೊಸಬ ಅಂತ ಹೇಳಿಕೊಡುತ್ತಾರೆ. ಎರಡು ವರ್ಷ ಆದಮೇಲೆ ಅದನ್ನೇ ಕೇಳಿದರೆ ಮುಖ ನೋಡುತ್ತಾರೆ.

ಮುಂದಕ್ಕೆ_ಓದಿದೋಳು:

ಮಾಸ್ಟರ್ಸ್ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಹಾಗಾಗಿ ಹೇಳುತ್ತೇನೆ. ನಾನು ಸೇರಿದ್ದು ಆಸಕ್ತಿಯಿಂದ ಅಲ್ಲ. 'ಏನ್ ಮಾಡ್ತಾ ಇದ್ದೀಯ' ಅನ್ನೋ ಪ್ರಶ್ನೆಗೆ ಎರಡು ವರ್ಷಕ್ಕೆ ಆಗುವಷ್ಟು ಉತ್ತರ ಸಿಗುತ್ತೆ ಅಂತ. ಎರಡು ವರ್ಷ ಮುಗೀತು, ಪ್ರಶ್ನೆ ಅಲ್ಲೇ ನಿಂತಿತ್ತು, ಜೊತೆಗೆ ಸಾಲ ಬೇರೆ.

ನನ್ನ ಜೊತೆಗಿದ್ದ ಒಬ್ಬಳು ಎರಡು ವರ್ಷ ಕೆಲಸ ಮಾಡಿ ಬಂದಿದ್ದಳು. ಯಾವ ವಿಷಯ ಬೇಕು, ಯಾವ ಮೇಷ್ಟ್ರ ಹತ್ತಿರ ಕಲೀಬೇಕು ಅಂತ ತಿಳಿದುಕೊಂಡು ಬಂದವಳು. ಅವಳಿಗೆ ಆ ಓದು ಎಷ್ಟು ಉಪಯೋಗ ಆಯಿತು ಅಂತ ಕಣ್ಣಾರೆ ನೋಡಿದ್ದೇನೆ. ವೈದ್ಯಕೀಯ, ಕಾನೂನು, ಸಂಶೋಧನೆ, ಪಾಠ ಮಾಡೋದು, ಇಂಥ ದಾರಿಗಳಲ್ಲಿ ಮುಂದಿನ ಓದು ಇಲ್ಲದೇ ಬಾಗಿಲೇ ತೆರೆಯಲ್ಲ, ಅದು ಸರಿ. ಮಿಕ್ಕವರು ಸೇರುವ ಮೊದಲು ಆ ಕೋರ್ಸ್ ಮುಗಿಸಿದ ಮೂರು ಜನರನ್ನು ಹುಡುಕಿ, ಈಗ ಏನು ಮಾಡುತ್ತಿದ್ದೀರಿ ಅಂತ ಕೇಳಿ. ಕಾಲೇಜಿನವರು ಹೇಳುವವರನ್ನಲ್ಲ, ನೀವೇ ಹುಡುಕಿದವರನ್ನು.

ಬಾಡಿಗೆ_ರೂಮು:

ನಾನು ಇನ್ನೊಂದು ವಿಷಯ ಹೇಳಬೇಕು, ಇಲ್ಲಿ ಯಾರೂ ಹೇಳಲಿಲ್ಲ. ಒಂಟಿತನ.

ಕೆಲಸ ಸಿಕ್ಕಿತು, ಬೇರೆ ಊರಿಗೆ ಬಂದೆ. ಕಾಲೇಜಿನ ಗ್ರೂಪಿನಲ್ಲಿ ಮೊದಲು ದಿನಕ್ಕೆ ಇನ್ನೂರು ಮೆಸೇಜ್ ಬರುತ್ತಿತ್ತು, ಆಮೇಲೆ ಇಪ್ಪತ್ತು, ಆಮೇಲೆ ಬರೀ ಹುಟ್ಟಿದ ಹಬ್ಬದ ದಿನ. ಶನಿವಾರ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆ ತನಕ ಗಂಟಲಿಂದ ಒಂದು ಮಾತು ಬಂದಿರುತ್ತಿರಲಿಲ್ಲ. ನನ್ನಲ್ಲೇ ಏನೋ ದೋಷ ಇದೆ ಅಂದುಕೊಂಡೆ.

ಜೆಫ್ರಿ ಹಾಲ್ ಅನ್ನೋ ಸಂಶೋಧಕರು 2018ರಲ್ಲಿ ಇದರ ಲೆಕ್ಕ ಹಾಕಿದ್ದಾರೆ. ಮುಖಪರಿಚಯ ಸ್ವಲ್ಪ ಸ್ನೇಹ ಆಗಕ್ಕೆ ಸುಮಾರು 50 ಗಂಟೆ ಜೊತೆಗಿರಬೇಕು, ಸ್ನೇಹಿತ ಅನ್ನಿಸಿಕೊಳ್ಳಕ್ಕೆ 90 ಗಂಟೆ, ಆಪ್ತ ಆಗಕ್ಕೆ 200ಕ್ಕಿಂತ ಜಾಸ್ತಿ. ಓದಿದಾಗ ಎಷ್ಟು ಸಮಾಧಾನ ಆಯಿತು ಗೊತ್ತಾ? ಕಾಲೇಜಿನಲ್ಲಿ ಆ 200 ಗಂಟೆ ಎರಡು ತಿಂಗಳಲ್ಲಿ ತಾನಾಗೇ ಆಗಿಬಿಡುತ್ತಿತ್ತು, ಒಂದೇ ಬೆಂಚು, ಒಂದೇ ಹಾಸ್ಟೆಲು. ಈಗ ವಾರಕ್ಕೆ ಎರಡು ಗಂಟೆ ಸಿಕ್ಕರೆ ಎರಡು ವರ್ಷ ಬೇಕು. ದೋಷ ನನ್ನದಲ್ಲ, ಗಂಟೆ ಸಾಲುತ್ತಿಲ್ಲ. ಭಾನುವಾರ ಬೆಳಿಗ್ಗೆ ಒಂದು ಓಟದ ಗುಂಪಿಗೆ ಸೇರಿದೆ. ಓಡಕ್ಕೆ ಬರಲ್ಲ, ಹಿಂದೆ ನಡೆಯುತ್ತೇನೆ. ಅಲ್ಲಿ ನನ್ನ ಥರಾನೇ ಹಿಂದೆ ನಡೆಯುವ ಇಬ್ಬರು ಸಿಕ್ಕಿದ್ದಾರೆ. ಸದ್ಯಕ್ಕೆ 40 ಗಂಟೆ ಆಗಿದೆ.

ಒಬ್ಬ_ಅಪ್ಪ:

ನಾನಿಲ್ಲಿ ಬರೆಯಬಹುದೋ ಇಲ್ಲವೋ. ನನ್ನ ಮಗಳೂ ಈ ವರ್ಷವೇ ಡಿಗ್ರಿ ಮುಗಿಸಿದಳು.

ದಿನಾ ಸಂಜೆ 'ಏನಾದ್ರೂ ಆಯ್ತಾ?' ಅಂತ ಕೇಳುತ್ತಿದ್ದೆ. ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಹಂಕಾರ ಅಂದುಕೊಂಡೆ. ನಿಮ್ಮ ಪೋಸ್ಟ್ ಓದಿದ ಮೇಲೆ ಸ್ವಲ್ಪ ಅರ್ಥ ಆಯಿತು. ನಾವು ಕೇಳೋದು ನಿಮ್ಮ ಮೇಲೆ ನಂಬಿಕೆ ಇಲ್ಲದೇ ಅಲ್ಲಪ್ಪಾ. ನನಗೆ ನಿವೃತ್ತಿಗೆ ನಾಲ್ಕು ವರ್ಷ ಇದೆ, ಆ ಭಯ ನನ್ನದು. ಅದನ್ನು ಹೇಳಕ್ಕೆ ಬರದೇ ಈ ಪ್ರಶ್ನೆ ಕೇಳುತ್ತೇನೆ.

ನಿನ್ನೆ ಒಂದು ಒಪ್ಪಂದ ಮಾಡಿಕೊಂಡೆವು. ಶನಿವಾರ ಒಂದು ದಿನ ಅವಳೇ ಎಲ್ಲ ಹೇಳುತ್ತಾಳೆ, ಎಲ್ಲಿ ಹಾಕಿದಳು, ಏನಾಯಿತು ಅಂತ. ಮಿಕ್ಕ ಆರು ದಿನ ನಾನು ಬಾಯಿ ಮುಚ್ಚಿಕೊಂಡಿರಬೇಕು. ಇವತ್ತು ಒಂದನೇ ದಿನ. ಕಷ್ಟ ಇದೆ.

ಮೂಲೆ_ಬೆಂಚು:

ಅಂಕಲ್, ಇದನ್ನು ಮೂರು ಸಲ ಓದಿದೆ.

ಹಳೇ_ಬ್ಯಾಚ್:

ಹೊಟ್ಟೆ ಕಿವುಚಿತು ಅಂದೆನಲ್ಲ, ಈಗ ಜಾಸ್ತಿ ಆಯಿತು. ನಮ್ಮಪ್ಪನೂ ಹೀಗೆ ಹೇಳಿದ್ದರೆ ನಾನು ಲೈಬ್ರರಿಗೆ ಹೋಗುತ್ತಲೇ ಇರಲಿಲ್ಲವೇನೋ.

ಮೂಲೆ_ಬೆಂಚು:

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಮೊದಲು ಏಳುವ ಹೊತ್ತು. ಏಳೂವರೆಗೆ ಅಂತ ತೀರ್ಮಾನ ಮಾಡಿದೆ, ಮೂರು ವಾರದಲ್ಲಿ ಹನ್ನೆರಡು ದಿನ ಎದ್ದಿದ್ದೇನೆ. ಅಭ್ಯಾಸ ಆಗಕ್ಕೆ 21 ದಿನ ಸಾಕು ಅಂತ ಎಲ್ಲೋ ಓದಿದ್ದು ಸುಳ್ಳಂತೆ, ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿದಿದೆ, ಕೆಲವರಿಗೆ 254 ದಿನ ಬೇಕಾಗುತ್ತೆ ಅನ್ನೋ ಅಂದಾಜು. ನಾನು ಆ 254ರ ಪೈಕಿ ಇರಬೇಕು.

ಮನೆಯಲ್ಲಿ ಹೇಳಿದೆ. 63 ಸಾಲಿನ ಶೀಟ್ ತೆರೆದು ಅಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿದರು. 'ಇಷ್ಟೆಲ್ಲಾ ಹಾಕಿದ್ದೀಯಾ?' ಅಂದರು. ನಾನು ಏನೂ ಮಾಡದೇ ಮಲಗಿದ್ದೇನೆ ಅಂತ ತಿಳಿದುಕೊಂಡಿದ್ದರಂತೆ.

ಆಮೇಲೆ ಹನ್ನೆರಡು ಜನಕ್ಕೆ ಮೆಸೇಜ್ ಹಾಕಿದೆ, ಎಲ್ಲರೂ ದೂರದ ಪರಿಚಯದವರೇ. ಕೆಲಸ ಹುಡುಕ್ತಾ ಇದ್ದೀನಿ, ಇಂಥದ್ದು ಬರುತ್ತೆ, ಗೊತ್ತಾದರೆ ತಿಳಿಸಿ ಅಂತ. ಒಂದು ಮೆಸೇಜ್ ಟೈಪ್ ಮಾಡಿ ಕಳಿಸಕ್ಕೆ ನಲವತ್ತು ನಿಮಿಷ ಹಿಡಿಯಿತು. ಐದು ಜನ ಉತ್ತರ ಕೊಟ್ಟರು, ಅದರಲ್ಲಿ ಇಬ್ಬರು 'ನಾನೂ ಹುಡುಕ್ತಾ ಇದ್ದೀನಿ ಕಣೋ' ಅಂದರು. ಆ ಇಬ್ಬರಲ್ಲಿ ಒಬ್ಬನ ಫೋನನ್ನು ನಾನು 'ಸ್ನಾನಕ್ಕೆ' ಹೋಗಿ ತಪ್ಪಿಸಿಕೊಂಡಿದ್ದೆ! ಅವನು ಅವತ್ತು ಫೋನ್ ಮಾಡಿದ್ದೇ ಇದನ್ನು ಹೇಳಕ್ಕಂತೆ. ಈಗ ಇಬ್ಬರೂ ಸೇರಿ ಅರ್ಜಿ ಹಾಕುತ್ತಿದ್ದೇವೆ, ಒಬ್ಬರ ರೆಸ್ಯೂಮ್ ಇನ್ನೊಬ್ಬರು ಓದಿ ಬೈಯುತ್ತೇವೆ.

ಇನ್ನೊಬ್ಬರಿಂದ ಒಂದು ಚಿಕ್ಕ ಆಫೀಸಿನಲ್ಲಿ ಆರು ವಾರದ ಕೆಲಸ ಸಿಕ್ಕಿದೆ. ಪರೀಕ್ಷೆಗೆ ಅಂತ ಇಟ್ಟುಕೊಳ್ಳುತ್ತಾರಂತೆ, ಚೆನ್ನಾಗಿ ಮಾಡಿದರೆ ಮುಂದುವರಿಸುತ್ತಾರಂತೆ. ಪತ್ರ ಬಂದಿದೆ, ಇನ್ನೂ ಸಹಿ ಮಾಡಿಲ್ಲ. ಮೇಡಂ, ಅದರಲ್ಲಿ ಏನು ನೋಡಬೇಕು?

ಅರ್ಜಿ_ಓದುವವಳು:

ಒಳ್ಳೇದಾಯಿತು. ಸಂಬಳ ಎಷ್ಟು, ಯಾವ ತಾರೀಖಿಗೆ ಅಂತ ಅಕ್ಷರದಲ್ಲಿ ಇದೆಯಾ ನೋಡಿ. ಕೆಲಸದ ಸಮಯ, ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು, ಮಧ್ಯೆ ಬಿಟ್ಟರೆ ದುಡ್ಡು ಕಟ್ಟಬೇಕು ಅಂತ ಏನಾದರೂ ಬಾಂಡ್ ಇದೆಯಾ, ಒರಿಜಿನಲ್ ಅಂಕಪಟ್ಟಿ ಅವರ ಹತ್ತಿರ ಇಡಬೇಕು ಅಂದಿದ್ದಾರಾ. ಕೊನೇದು ಇದ್ದರೆ ಕೊಡಬೇಡಿ, ಜೆರಾಕ್ಸ್ ಕೊಡಿ. ಆರು ವಾರ ಆದಮೇಲೆ ಮುಂದುವರಿಸ್ತೀವೋ ಇಲ್ಲವೋ ಅಂತ ಯಾವ ದಿನ ಹೇಳುತ್ತಾರೆ ಅನ್ನೋದು ಬರೆದಿದೆಯಾ?

ಮೂಲೆ_ಬೆಂಚು:

ಸಂಬಳ ಇದೆ, ಸಮಯ ಇದೆ. ಬಾಂಡ್ ಇಲ್ಲ, ಅಂಕಪಟ್ಟಿ ಕೇಳಿಲ್ಲ. ಆ ಕೊನೇ ದಿನದ ಬಗ್ಗೆ ಏನೂ ಇಲ್ಲ. ಕೇಳಿದರೆ ಬೇಜಾರು ಮಾಡಿಕೊಂಡು ಬೇರೆಯವರನ್ನು ತೊಗೊಂಡುಬಿಟ್ಟರೆ?

ಹೊಸ_ಐಡಿಕಾರ್ಡ್:

ಕೂತು ಯೋಚನೆ ಮಾಡಬೇಡ ಗುರು, ಕಾಲು ಏಳಲ್ಲ.

ಮೂಲೆ_ಬೆಂಚು:

ಕೇಳಿದೆ. 'ಓ ಹೌದಲ್ವಾ, ಬರೆಯೋದು ಮರೆತುಹೋಯ್ತು' ಅಂದರು. ಸಂಜೆಯೊಳಗೆ ತಾರೀಖು ಸೇರಿಸಿ ಹೊಸ ಪತ್ರ ಕಳಿಸುತ್ತಾರಂತೆ. ಸೋಮವಾರ ಒಂಬತ್ತೂವರೆಗೆ ಬರಕ್ಕೆ ಹೇಳಿದ್ದಾರೆ.